ಗೂಬೆ ಮತ್ತು ಗುಮಾಸ್ತ

ಗುಮಾಸ್ತ ಸತ್ತ ಸುದ್ದಿ ಲ್ಯಾಬ್ ಅಕ್ಕನಿಗೆ ತಿಳಿದದ್ದು ಹಲ್ಲಿನ ಡಾಕ್ಟರ ಕೋಣೆಯ ಹೊರಗೆ, ಬಾಯಿಯ ಅರ್ಧ ಭಾಗ ಮರಗಟ್ಟಿ ಕೂತಿದ್ದಾಗ. ದವಡೆ ಹಲ್ಲು ಕೀಳುವ ಮೊದಲು ಇಂಜೆಕ್ಷನ್ ಕೊಟ್ಟು, ಸ್ವಲ್ಪ ಹೊತ್ತು ಹೊರಗಿರಿ ಎಂದು ಕಳಿಸಿದ್ದರು. ಎದುರು ಗೋಡೆಯ ಟಿವಿಯಲ್ಲಿ ಅವನ ಫೋಟೊ ಬಂತು. ಅವನ ಎಲ್ಲ ಪುಸ್ತಕಗಳ ಹಿಂಬದಿಯ ರಕ್ಷಾಪುಟದ ಮೇಲೂ ಇರುವ ಫೋಟೊ ಅದು, ಗಲ್ಲಕ್ಕೆ ಕೈ ಕೊಟ್ಟು ದೂರಕ್ಕೆ ನೋಡುವಂಥದ್ದು. ಅದನ್ನು ತೆಗೆಸಿಕೊಂಡ ವಾರ ಅವನು ಅವಳಿಗೆ ಬರೆದಿದ್ದ: ‘ಗೂಬೆ, ಫೋಟೊದವನು ಯೋಚಿಸುವವನ ಹಾಗೆ ಕೂರಿ ಅಂದ. ಹಲ್ಲುನೋವು ಬಂದವನ ಹಾಗೆ ಬಂದಿದ್ದೇನೆ.’ ಅದು ನೆನಪಾಗಿ ಅವಳಿಗೆ ನಗು ಬರುವುದರಲ್ಲಿತ್ತು. ಅಷ್ಟರಲ್ಲಿ ಫೋಟೊದ ಕೆಳಗೆ ಹುಟ್ಟಿದ ವರ್ಷದ ಪಕ್ಕ ಇನ್ನೊಂದು ವರ್ಷ ಬರೆದಿರುವುದು ಕಾಣಿಸಿತು.

ಪಕ್ಕದ ಕುರ್ಚಿಯ ಮುದುಕರು ತಿರುಗಿ ಹೇಳಿದರು, “ಎಂಥಾ ದೊಡ್ಡ ಲೇಖಕರು ಹೋಗಿಬಿಟ್ರು ನೋಡಿ. ನೀವು ಓದಿದ್ದೀರಾ ಇವರದ್ದು?”

ನಾಲಿಗೆ ಒದ್ದೆ ಬಟ್ಟೆಯ ಹಾಗೆ ಬಿದ್ದುಕೊಂಡಿತ್ತು. ಅವಳು ಹೂಂ ಎಂದು ತಲೆಯಾಡಿಸಿದಳು. ಒಳಗಿನಿಂದ ಕರೆ ಬಂತು, ಹೋಗಿ ಕುರ್ಚಿಯಲ್ಲಿ ಒರಗಿದಳು. ಹಲ್ಲು ಕಿತ್ತಾಗ ಅವಳ ಕಣ್ಣಿಂದ ನೀರು ಇಳಿಯುವುದನ್ನು ನೋಡಿ ಡಾಕ್ಟರು ಗಾಬರಿಯಾದರು. “ನೋವಾಯ್ತಾ? ಇಂಜೆಕ್ಷನ್ ಸರಿಯಾಗಿ ಹಿಡಿದಿಲ್ಲ ಅಂತ ಕಾಣುತ್ತೆ.” ಅವಳು ಇಲ್ಲವೆಂದು ತಲೆಯಾಡಿಸಿದಳು. ಬಾಯಲ್ಲಿ ಹತ್ತಿ ಕಚ್ಚಿಕೊಂಡು ಮನೆಗೆ ನಡೆದಳು. ದಾರಿಯಲ್ಲಿ ಸಿಕ್ಕ ಪರಿಚಯದವರೆಲ್ಲ ಊದಿದ ಕೆನ್ನೆ ನೋಡಿ ಪಾಪ ಅಂದರು. ಆ ಒಂದು ದಿನಕ್ಕೆ ಅಳುವ ಮುಖಕ್ಕೆ ಒಂದು ಕಾರಣವಾದರೂ ಸಿಕ್ಕಿತ್ತು.

ಅವಳು ಇದ್ದದ್ದು ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿಯ ಮೇಲಿನ ಮಹಡಿಯಲ್ಲಿ. ಒಂದು ಕೋಣೆ, ಒಂದು ಅಡುಗೆಮನೆ. ಕಿಟಕಿ ತೆರೆದರೆ ಕೆಳಗಿನ ಹಬೆ ಒಳಗೆ ಬರುತ್ತಿತ್ತು. ಮದುವೆಯಾಗಿರಲಿಲ್ಲ. ಸರ್ಕಾರಿ ಆಸ್ಪತ್ರೆಯ ಲ್ಯಾಬಿನಲ್ಲಿ ನಿವೃತ್ತಿಯಾಗುವವರೆಗೆ ಮೈಕ್ರೋಸ್ಕೋಪಿಗೆ ಕಣ್ಣು ಕೊಟ್ಟು, ಗಾಜಿನ ಪಟ್ಟಿಯ ಮೇಲೆ ಸವರಿದ ಪರರ ರಕ್ತ ನೋಡಿದವಳು. ವಾರ್ಡಿನವರಿಗೆಲ್ಲ ಲ್ಯಾಬ್ ಅಕ್ಕ. ಆ ಹೆಸರು ಹೇಗೋ ಅವಳ ಜೊತೆ ಮನೆಗೂ ಬಂತು, ಇಸ್ತ್ರಿ ಅಂಗಡಿಯವನೂ ಹಾಗೇ ಕರೆಯುತ್ತಿದ್ದ.

ಗೂಬೆ ಎಂದು ಕರೆದವನು ಒಬ್ಬನೇ. ಅವಳು ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವನು ಅದೇ ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ಗುಮಾಸ್ತನಾಗಿದ್ದ. ಕ್ಯಾಂಟೀನಿನಲ್ಲಿ ಯಾರ ಜೊತೆಗೂ ಕೂರಲು ಸಂಕೋಚಪಡುವ ಇಬ್ಬರು, ಒಂದು ಮಧ್ಯಾಹ್ನ ಹಿಂದಿನ ಮೆಟ್ಟಿಲ ಮೇಲೆ ಊಟದ ಡಬ್ಬಿ ಹಿಡಿದು ಒಬ್ಬರಿಗೊಬ್ಬರು ಸಿಕ್ಕಿಬಿದ್ದರು. “ಇಡೀ ದಿನ ಒಂದೇ ಕಡೆ ಕಣ್ಣು ಕೀಲಿಸ್ಕೊಂಡು ಕೂತಿರ್ತೀಯಲ್ಲ, ಗೂಬೆ ಹಾಗೆ,” ಎಂದ. “ನೀನೇನು ಮಹಾ, ಧೂಳು ತಿನ್ನೋ ಗುಮಾಸ್ತ,” ಎಂದಳು. ಅಲ್ಲಿಗೆ ಹೆಸರಿಡುವ ಕೆಲಸ ಮುಗಿಯಿತು. ಅವನು ಹಳೆಯ ಫೈಲುಗಳಲ್ಲಿದ್ದ ರೋಗಿಗಳಿಗೆ ಮನೆ, ಜಗಳ, ಸಾಕುನಾಯಿ ಎಲ್ಲ ಕಟ್ಟಿ ಹೇಳುತ್ತಿದ್ದ. ಅವಳು ಊಟ ಮರೆತು ಕೇಳುತ್ತಿದ್ದಳು. ಒಂದು ವರ್ಷ ಹಾಗೇ ನಡೆಯಿತು. ಆಮೇಲೆ ಅವನಿಗೆ ದೂರದ ದೊಡ್ಡ ಊರಿಗೆ ವರ್ಗವಾಯಿತು, ಅಲ್ಲೇ ಮದುವೆಯಾಯಿತು, ಕಥೆಗಳು ಅಚ್ಚಾದವು. ನೋಡನೋಡುತ್ತಿದ್ದ ಹಾಗೆ ಊರೂರಿಗೆಲ್ಲ ಗೊತ್ತಿರುವ ಮನುಷ್ಯನಾದ. ಕಾಗದ ಮಾತ್ರ ನಿಲ್ಲಲಿಲ್ಲ. ನಲವತ್ತು ವರ್ಷಕ್ಕೂ ಮೇಲೆ ಅವನು ಬರೆದ, ಅವಳು ಬರೆದಳು. ಪ್ರಶಸ್ತಿ ಬಂದ ವಾರವೂ ಕೆಳಗಿನ ರುಜು ‘ಗುಮಾಸ್ತ’ ಎಂದೇ ಇತ್ತು.

ಅವಳು ಇದನ್ನು ಮುಚ್ಚಿಟ್ಟಿರಲಿಲ್ಲ. ಯಾರೂ ಕೇಳಿರಲಿಲ್ಲ, ಅಷ್ಟೇ.

ಊರಿನ ಲೈಬ್ರರಿಯಲ್ಲಿ ಸಂತಾಪ ಸಭೆ ಮಾಡಿದರು. ಅವಳು ಹಿಂದಿನ ಸಾಲಿನಲ್ಲಿ ಕೂತಳು. ಮಾತಾಡಿದವರೆಲ್ಲ ಅವನನ್ನು ಮಹಾ ಗಂಭೀರ ಮನುಷ್ಯ, ಜಗತ್ತಿನ ನೋವನ್ನೆಲ್ಲ ಹೆಗಲ ಮೇಲೆ ಹೊತ್ತವನು ಎಂದರು. ಬೆಕ್ಕು ಅಡ್ಡ ಬಂದರೆ ಬೀದಿ ದಾಟುವವನು, ಸೋರುವ ನಲ್ಲಿಯ ಮೇಲೆ ನಾಲ್ಕು ಪುಟ ಬರೆಯುವವನು ಆ ಮಾತುಗಳಲ್ಲಿ ಎಲ್ಲೂ ಇರಲಿಲ್ಲ. ಎದ್ದು ಹೇಳಲು ಅವಳಿಗೆ ಯಾವ ಸಂಬಂಧದ ಬಲವಿತ್ತು? ಹೆಂಡತಿಯಲ್ಲ, ತಂಗಿಯಲ್ಲ, ಶಿಷ್ಯೆಯೂ ಅಲ್ಲ. ಮೌನಾಚರಣೆಗೆ ಎಲ್ಲರೂ ಎದ್ದಾಗ ಅವಳೂ ಎದ್ದು, ಹಾಗೇ ಹೊರಗೆ ನಡೆದುಬಿಟ್ಟಳು.

ಅದಾಗಿ ಕೆಲವು ವಾರಕ್ಕೆ ಪತ್ರಿಕೆಯಲ್ಲಿ ಸುದ್ದಿ ಬಂತು. ಲೇಖಕರ ಕೋಣೆಯ ಟ್ರಂಕಿನಲ್ಲಿ ರಾಶಿ ಕಾಗದ ಸಿಕ್ಕಿವೆ, ಎಲ್ಲದರ ಕೆಳಗೂ ‘ಗೂಬೆ’ ಎಂಬ ಸಹಿ ಇದೆ, ಕೈಬರಹ ಹೆಂಗಸಿನದು. ಅಷ್ಟು ಸಾಕಾಯಿತು. ಉಪ್ಪು ಖಾರ ಹಚ್ಚುವವರು ಹಚ್ಚಿದರು. ಅವನ ಕಾದಂಬರಿಗಳಲ್ಲಿ ಬಿಟ್ಟುಹೋದ ಹೆಂಗಸರನ್ನೆಲ್ಲ ಒಬ್ಬೊಬ್ಬರಾಗಿ ಎಳೆದು ತಂದು ಇವಳೇ ಗೂಬೆ, ಅವಳೇ ಗೂಬೆ ಎಂದರು. ಕಾಗದಗಳಲ್ಲಿ ಆಸ್ಪತ್ರೆಯ ಹೆಸರಿದ್ದುದರಿಂದ ಅವನ ಪ್ರಕಾಶಕ ಕೊನೆಗೆ ಮಹಡಿ ಮೆಟ್ಟಿಲು ಹತ್ತಿ ಬಂದೇ ಬಂದ. ಏದುಸಿರು ಬಿಡುತ್ತಿದ್ದ ದಪ್ಪ ಮನುಷ್ಯ, ಮಾತು ಮೃದು.

“ಮೇಡಂ, ಇವು ನಿಮ್ಮ ಕಾಗದಗಳ ಜೆರಾಕ್ಸು. ಅವರು ನಿಮಗೆ ಬರೆದದ್ದು ನೀವು ಕೊಟ್ಟರೆ, ಎರಡೂ ಸೇರಿಸಿ ಒಂದು ಪುಸ್ತಕ ಮಾಡಬಹುದು. ಅವರ ಹೆಂಡತಿಯವರದ್ದೇನೂ ಅಡ್ಡಿ ಇಲ್ಲ. ನಿಮ್ಮನ್ನೇ ಕೇಳಿ ಅಂದ್ರು. ಮುಂದಿನ ವಾರ ಬರ್ತೀನಿ.”

ಅವಳು ಕಟ್ಟನ್ನು ಇಸಿದುಕೊಂಡು ಬೀರುವಿನ ಮೇಲೆ ಇಟ್ಟಳು. ತಾನೇ ಬರೆದದ್ದನ್ನು ತಾನೇ ಓದುವುದರಲ್ಲಿ ಏನಿದೆ ಅನ್ನಿಸಿತು.

ಇಸ್ತ್ರಿ ಅಂಗಡಿಯವನ ಬಾಯಿಂದ ಸುದ್ದಿ ತಿಳಿದು ತಂಗಿಯ ಮಗಳು ಅವತ್ತೇ ಸಂಜೆ ಓಡಿ ಬಂದಳು. ತಿಂಗಳಿಗೊಮ್ಮೆ ಬಂದು ಹಾಲು, ಬಿಸ್ಕತ್ತು ಇಟ್ಟು ಹೋಗುತ್ತಿದ್ದವಳು ಈಗ ಚಪ್ಪಲಿ ಬಿಡುವ ಮೊದಲೇ ಶುರುಮಾಡಿದಳು. “ದೊಡ್ಡಮ್ಮ, ನೀನು ಆಳ ಅಂತ ಗೊತ್ತಿತ್ತು, ಇಷ್ಟು ಆಳ ಅಂತ ಗೊತ್ತಿರಲಿಲ್ಲ. ನಮ್ಮಮ್ಮಂಗಾದ್ರೂ ಹೇಳಿದ್ಯಾ?”

“ಏನಂತ ಹೇಳ್ಲಿ? ಒಬ್ಬ ಸ್ನೇಹಿತ ಇದ್ದಾನೆ, ಕಾಗದ ಬರೀತಾನೆ ಅಂತಾನಾ?”

“ಸ್ನೇಹಿತ.” ಹುಡುಗಿ ಆ ಮಾತನ್ನು ಬಾಯಲ್ಲಿಟ್ಟು ಚಪ್ಪರಿಸಿದಳು. “ನನ್ನ ಹತ್ರಾನೂ ಹಾಗೇ ಅಂತೀಯಾ?”

ಲ್ಯಾಬ್ ಅಕ್ಕ ಟೀ ಸೋಸಿಕೊಟ್ಟಳು. ಹೇಳಿದ್ದು ನಂಬದವರ ಮುಂದೆ ಇನ್ನೊಮ್ಮೆ ಹೇಳುವ ಚಾಳಿ ಅವಳಿಗಿರಲಿಲ್ಲ.

ಮೂರನೆಯವರಾಗಿ ಬಂದದ್ದು ಅವನ ಹೆಂಡತಿ. ಬರುತ್ತೇನೆಂದು ಹೇಳಿ ಕಳಿಸಿರಲಿಲ್ಲ. ಬಾಗಿಲು ತೆರೆದರೆ ನೆಟ್ಟಗಿನ ಬೆನ್ನಿನ ಹೆಂಗಸೊಬ್ಬರು ಊರುಗೋಲು ಹಿಡಿದು ನಿಂತಿದ್ದರು. “ನಾನು ಅವರ ಮನೆಯವಳು,” ಎಂದರು. ಇಡೀ ಜೀವಮಾನ ಹೆಣ್ಣುಮಕ್ಕಳ ಶಾಲೆಯಲ್ಲಿ ಲೆಕ್ಕ ಹೇಳಿಕೊಟ್ಟು, ಹೆಡ್ ಮೇಡಂ ಆಗಿ ನಿವೃತ್ತರಾದವರು. ಕುರ್ಚಿಯಲ್ಲಿ ಕೂತ ರೀತಿ ನೋಡಿದರೆ ಕೋಣೆಯೇ ಎದ್ದು ನಿಲ್ಲಬೇಕು, ಹಾಗಿತ್ತು.

ಲ್ಯಾಬ್ ಅಕ್ಕ ಟೀಗೆ ನೀರಿಟ್ಟಳು. “ಟೀಗೆ ಸಕ್ಕರೆ ಹಾಕಲಾ? ಅವನು ಮೂರು ಚಮಚ...” ಎಂದವಳು ನಾಲಿಗೆ ಕಚ್ಚಿಕೊಂಡಳು. “ಅವರು ಮೂರು ಚಮಚ ಹಾಕ್ಕೊಳ್ತಿದ್ರು.”

“ಅವನು ಅಂತಲೇ ಅನ್ನಿ,” ಎಂದರು ಹೆಡ್ ಮೇಡಂ. “ಅವರನ್ನ ಅವನು ಅನ್ನೋರು ಈ ಲೋಕದಲ್ಲಿ ಒಬ್ಬರಾದ್ರೂ ಉಳಿದಿದ್ದೀರಲ್ಲ. ನನಗೆ ಸಕ್ಕರೆ ಬೇಡ.”

ಟೀ ಕುಡಿಯುವವರೆಗೆ ಇಬ್ಬರೂ ಬಸ್ಸಿನ ಮಾತು, ಮಂಡಿನೋವಿನ ಮಾತು ಆಡಿದರು. ಲೋಟ ಕೆಳಗಿಟ್ಟು ಹೆಡ್ ಮೇಡಂ ನೇರವಾಗಿ ಕೇಳಿದರು.

“ಒಂದು ಕೇಳೋದಿದೆ. ಮನೇಲಿ ಅವರು ಮಾತಾಡಿದ್ದು ಕಡಿಮೆ. ಕೋಣೆ ಬಾಗಿಲು ಹಾಕ್ಕೊಂಡ್ರೆ ಊಟಕ್ಕೇ ತೆಗೆಯೋದು. ಬರೆಯೋರು ಹಾಗೇ ಇರ್ತಾರೆ ಅಂತ ಸುಮ್ಮನಿದ್ದೆ. ಈಗ ನೋಡಿದ್ರೆ ನಿಮ್ಮ ಹತ್ರ ಇಷ್ಟೊಂದು ಮಾತಾಡಿದ್ದಾರೆ. ಇಷ್ಟರಲ್ಲಿ ನನ್ನ ಬಗ್ಗೆ ಏನು ಬರೀತಿದ್ರು?”

ಅವನ ಕಾಗದಗಳೆಲ್ಲ ಲ್ಯಾಬ್ ಅಕ್ಕನಿಗೆ ಹೆಚ್ಚುಕಡಿಮೆ ಬಾಯಿಪಾಠ. ಸೋರುವ ನಲ್ಲಿ ಇತ್ತು, ಅರ್ಧಕ್ಕೆ ನಿಂತ ಕಾದಂಬರಿಗಳಿದ್ದವು, ಪಕ್ಕದ ಮನೆಯ ಕೊಳಲಿನವನಿದ್ದ. ಹೆಂಡತಿ ಎಲ್ಲೂ ಇರಲಿಲ್ಲ. ಹುಷಾರಿಲ್ಲ ಎಂದೋ, ಊರಿಗೆ ಹೋಗಿದ್ದಾಳೆ ಎಂದೋ ಒಂದು ಸಾಲೂ ಇರಲಿಲ್ಲ. ಅಷ್ಟು ವರ್ಷವೂ ಅವಳು ಅದನ್ನು ಅವನ ಮರ್ಯಾದೆ ಅಂದುಕೊಂಡಿದ್ದಳು. ಈಗ ಎದುರಿಗೆ ಈ ಮುಖ ಕೂತಿರುವಾಗ ಅದು ಬೇರೆ ಥರ ಕಂಡಿತು.

“ಬರೀತಿದ್ದ,” ಎಂದಳು. “ತುಂಬ ಸಲ ಬರೀತಿದ್ದ. ತಾಳಿ.”

ಎದ್ದು, ಅವನ ಕಾಗದಗಳನ್ನಿಟ್ಟ ಪೆಟ್ಟಿಗೆಯಿಂದ ಕೈಗೆ ಸಿಕ್ಕ ಒಂದನ್ನು ತೆಗೆದಳು. ಅದು ನಲ್ಲಿಯ ಕಾಗದ. ಅದನ್ನು ಮುಖದ ಮುಂದೆ ಹಿಡಿದು, ಅವನ ಧಾಟಿಯಲ್ಲೇ, ಒಮ್ಮೆಯೂ ತಡವರಿಸದೆ ಓದಿದಳು: “‘ಗೂಬೆ, ನಮ್ಮ ಮನೆಯವಳು ಸ್ಕೂಲಿಂದ ಬರುವಾಗ ಮೆಟ್ಟಿಲ ಮೇಲೆ ಏನೋ ಗುನುಗಿಕೊಂಡು ಬರುತ್ತಾಳೆ. ಅದು ಕೇಳಿಸುವವರೆಗೆ ನನ್ನ ಕೈಯಿಂದ ಒಂದು ಸಾಲೂ ಸರಿಯಾಗಿ ಇಳಿಯುವುದಿಲ್ಲ. ಇದನ್ನು ಅವಳಿಗೆ ಹೇಳಿಲ್ಲ. ಹೇಳಿದರೆ ಗುನುಗುವುದನ್ನು ನಿಲ್ಲಿಸಿಬಿಟ್ಟಾಳು.’”

ಅಷ್ಟು ವರ್ಷ ಒಬ್ಬನ ಮಾತು ಕೇಳಿದರೆ ಅವನ ಹಾಗೆ ಮಾತಾಡುವುದು ಏನು ಮಹಾ ವಿದ್ಯೆ. ಕಾಗದವನ್ನು ಬೇಗ ಮಡಿಸಿ ಪೆಟ್ಟಿಗೆಯೊಳಗೆ ಹಾಕಿದಳು.

ಹೆಡ್ ಮೇಡಂ “ಒಳ್ಳೇದು,” ಎಂದರು. ಊರುಗೋಲು ಹಿಡಿದು ಎದ್ದರು. ಬಾಗಿಲಲ್ಲಿ ನಿಂತು, “ಟೀ ಚೆನ್ನಾಗಿತ್ತು,” ಎಂದು ಇಳಿದು ಹೋದರು.

ಒಳ್ಳೆಯದು ಮಾಡಿದೆ ಅನ್ನಿಸಲಿಲ್ಲ. ಆ ವಾರ ಲ್ಯಾಬ್ ಅಕ್ಕನಿಗೆ ಅನ್ನ ಸೇರಲಿಲ್ಲ. ಪ್ರಕಾಶಕ ಬರುತ್ತಾನೆ, ಕಾಗದಗಳನ್ನು ಕೇಳುತ್ತಾನೆ, ಮೆಟ್ಟಿಲ ಮೇಲೆ ಗುನುಗುವ ಹೆಂಡತಿ ಯಾವುದರಲ್ಲೂ ಇರುವುದಿಲ್ಲ. ಹಿಂದೆಲ್ಲ ಇಂಥ ಪೇಚಿಗೆ ಸಿಕ್ಕಿಕೊಂಡರೆ ಅವಳು ಅವನಿಗೆ ಬರೆಯುತ್ತಿದ್ದಳು. ಅವನು ನಕ್ಕು ಏನಾದರೊಂದು ಹೇಳುತ್ತಿದ್ದ. ಈಗ ಪೇಚೂ ಅವನದ್ದೇ, ಕೇಳುವುದಕ್ಕೆ ಅವನೇ ಇಲ್ಲ. ಅವನು ಸತ್ತಿದ್ದಾನೆ ಎನ್ನುವುದು ಟಿವಿಯಲ್ಲಿ ನೋಡಿದ ದಿನಕ್ಕಿಂತ ಆ ವಾರ ಹೆಚ್ಚು ನಿಜವಾಯಿತು.

ಎಲ್ಲೋ ಒಂದು ಸಾಲಾದರೂ ತನ್ನ ಕಣ್ಣು ತಪ್ಪಿಸಿಕೊಂಡಿರಬೇಕು ಎಂದು ಅವನ ಕಾಗದಗಳನ್ನೆಲ್ಲ ಮಂಚದ ಮೇಲೆ ಹರಡಿ ಮೊದಲಿನಿಂದ ಹುಡುಕಿದಳು. ಸಿಗಲಿಲ್ಲ. ಕೊನೆಗೆ ಬೀರುವಿನ ಮೇಲಿನ ಜೆರಾಕ್ಸ್ ಕಟ್ಟು ಬಿಚ್ಚಿದಳು. ಹೆಂಡತಿಯ ವಿಷಯ ತಾನೇ ಎಂದಾದರೂ ಕೇಳಿದ್ದರೆ, ಅವನು ಉತ್ತರ ಕೊಡದಿದ್ದರೆ, ಅದಾದರೂ ತಿಳಿಯುತ್ತದಲ್ಲ. ಮೇಲಿನಿಂದ ನಾಲ್ಕನೆಯದೋ ಐದನೆಯದೋ ಹಾಳೆ. ಅಕ್ಷರ ತನ್ನದೇ, ಈಗಿನದಕ್ಕಿಂತ ಬಿಗಿ, ಒತ್ತಿ ಒತ್ತಿ ಬರೆದದ್ದು.

‘ಗುಮಾಸ್ತ, ನಿನ್ನ ಕಾಗದ ಹರಿದು ಹಾಕಿದೆ. ಸಿಟ್ಟು ಮಾಡಿಕೊಳ್ಳಬೇಡ. ಇನ್ನು ಮೇಲೆ ನನಗೆ ಮನೆಯ ವಿಷಯ ಬರೆಯಬೇಡ. ನಿನ್ನ ಹೆಂಡತಿಯ ಮಾತು ಒಂದು ಅಕ್ಷರವೂ ಬೇಡ. ಅದು ಬರುವುದಿದ್ದರೆ ಕಾಗದವೇ ಬೇಡ. ಬೇರೆ ಏನು ಬೇಕಾದರೂ ಬರಿ.’

ಅವಳು ಹಾಳೆ ಹಿಡಿದು ಮಂಚದ ತುದಿಯಲ್ಲಿ ಕೂತಳು. ಬರೆದದ್ದು ಪೂರ್ತಿ ಮರೆತುಹೋಗಿತ್ತು. ಹರಿದದ್ದು ಮಾತ್ರ ನೆನಪಿಗೆ ಬಂತು: ಲ್ಯಾಬಿನ ತೊಟ್ಟಿ, ಬಣ್ಣ ಹಾಕಿದ ಗಾಜಿನ ಪಟ್ಟಿಗಳನ್ನು ತೊಳೆಯುತ್ತಿದ್ದ ನೇರಳೆ ನೀರು, ಅದರಲ್ಲಿ ತೇಲಿದ ಚೂರುಗಳು. ಮದುವೆಯಾದ ಹೊಸತರಲ್ಲಿ ಅವನು ಎರಡು ಪುಟ ತುಂಬ ಹೆಂಡತಿಯ ಬಗ್ಗೆ ಬರೆದಿದ್ದ. ಲ್ಯಾಬ್ ಅಕ್ಕನಿಗೆ ಆಗ ಇಪ್ಪತ್ತಾರೋ ಇಪ್ಪತ್ತೇಳೋ. ಎದೆಯಲ್ಲಿ ಏನೋ ಕಡಿದು ಬಿದ್ದ ಹಾಗಾಗಿತ್ತು, ಅದಕ್ಕೆ ಹೆಸರಿಡುವ ಗೋಜಿಗೆ ಅವಳು ಹೋಗಿರಲಿಲ್ಲ. ಅವನು ಯಾಕೆ ಎಂದು ಕೇಳಲಿಲ್ಲ. ಅವಳ ಒಂದು ಮಾತಿಗೆ ಜೀವಮಾನವಿಡೀ ಕಟ್ಟುಬಿದ್ದ. ಅವಳು ಹಾಕಿದ ಬೀಗ ಅವಳಿಗೇ ಮರೆತುಹೋಗಿ, ಅದನ್ನು ಅವನ ಮರ್ಯಾದೆ ಎಂದುಕೊಂಡಿದ್ದಳು.

ಮಾರನೆಯ ದಿನವೇ ಬಸ್ಸು ಹತ್ತಿದಳು.

ಲೇಖಕನ ಮನೆ ಅವಳು ಅಂದುಕೊಂಡದ್ದಕ್ಕಿಂತ ಸಣ್ಣದು. ಕಾಗದಗಳಲ್ಲಿ ಬಂದು ಹೋದ ನಲ್ಲಿ ಅಡುಗೆಮನೆಯ ಮೂಲೆಯಲ್ಲಿತ್ತು. ಅವಳು ಅದನ್ನು ನೋಡಿದ್ದು ಇದೇ ಮೊದಲು. ಹೆಡ್ ಮೇಡಂ ಆಶ್ಚರ್ಯಪಡಲಿಲ್ಲ, ಕುರ್ಚಿ ತೋರಿಸಿದರು.

“ಅವತ್ತು ನಾನು ಓದಿದ್ದು ಸುಳ್ಳು,” ಎಂದಳು ಲ್ಯಾಬ್ ಅಕ್ಕ. ದಾರಿಯುದ್ದಕ್ಕೂ ಬೇರೆ ಥರ ಶುರುಮಾಡಬೇಕು ಎಂದು ಜೋಡಿಸಿಕೊಂಡಿದ್ದಳು, ಬಾಯಿಗೆ ಬಂದದ್ದು ಇಷ್ಟೇ.

“ಗೊತ್ತು. ನಾನು ಯಾವತ್ತೂ ಗುನುಗಿದವಳಲ್ಲ. ಸ್ಕೂಲ್ ಪ್ರಾರ್ಥನೇಲೂ ಬರೀ ಬಾಯಿ ಆಡಿಸ್ತಿದ್ದೆ. ಅದೂ ಅಲ್ಲದೆ, ನೀವು ಓದುವಾಗ ಕಣ್ಣು ಒಂದು ಸಾಲಿಂದ ಇನ್ನೊಂದು ಸಾಲಿಗೆ ಇಳೀಲೇ ಇಲ್ಲ. ಹುಡುಗೀರು ಹೋಂವರ್ಕ್ ಮಾಡದೆ ಖಾಲಿ ಹಾಳೆ ನೋಡಿ ಓದೋದು ಎಷ್ಟು ಕಂಡಿಲ್ಲ ನಾನು.”

“ಮತ್ತೆ ಅಲ್ಲೇ ಯಾಕೆ ಹೇಳಲಿಲ್ಲ?”

“ನನಗೋಸ್ಕರ ಒಬ್ಬರು ಇಷ್ಟು ಕಷ್ಟಪಟ್ಟು ಸುಳ್ಳು ಹೇಳಿ ತುಂಬ ವರ್ಷ ಆಗಿತ್ತು. ಕೇಳ್ತಾ ಕೂತೆ.”

ಲ್ಯಾಬ್ ಅಕ್ಕ ಚೀಲದಿಂದ ಜೆರಾಕ್ಸ್ ಹಾಳೆ ತೆಗೆದು ಮೇಜಿನ ಮೇಲಿಟ್ಟಳು. “ಇದು ಓದಿ. ತಪ್ಪು ಅವನದ್ದಲ್ಲ.”

ಹೆಡ್ ಮೇಡಂ ಹಾಳೆಯನ್ನು ಮುಟ್ಟಲಿಲ್ಲ. “ಓದಿದ್ದೀನಿ. ಪ್ರಕಾಶಕರಿಗಿಂತ ಮೊದಲು ಎಲ್ಲಾನೂ ಓದಿದ್ದು ನಾನೇ. ಅವರಿರುವಾಗ ಒಂದೂ ಒಡೆದು ನೋಡಿದವಳಲ್ಲ. ಪೋಸ್ಟ್‌ಮ್ಯಾನ್ ನನ್ನ ಕೈಗೇ ಕೊಡ್ತಿದ್ದ, ಅವರ ಮೇಜಿನ ಮೇಲೆ ಇಡ್ತಿದ್ದೆ. ಬೇರೆಯವರ ಕಾಗದ ಒಡೀಬಾರದು ಅಂತ ಮಕ್ಕಳಿಗೆ ಹೇಳಿಕೊಡೋಳು ನಾನು. ಹೋದ ಮೇಲೆ ಓದಿದೆ. ನೀವು ಬೇಡ ಅಂದಿದ್ದು ಗೊತ್ತಿತ್ತು. ಆ ಮಾತನ್ನ ಅವರು ಒಂದು ಸಲವಾದ್ರೂ ಮುರಿದ್ರಾ, ನನ್ನ ವಿಷಯ ಒಂದಾದ್ರೂ ತಡೆಯೋಕಾಗದೆ ಬರೆದ್ರಾ ಅಂತ ತಿಳ್ಕೊಳ್ಳೋಕೆ ನಿಮ್ಮನೆಗೆ ಬಂದಿದ್ದು.”

ಲ್ಯಾಬ್ ಅಕ್ಕ ಹಾಳೆಯನ್ನು ಮಡಿಸಿ ಚೀಲಕ್ಕೆ ಹಾಕಿದಳು.

“ನಾನು ಹರಿದ ಕಾಗದದಲ್ಲಿ ನೀವಿದ್ರಿ,” ಎಂದಳು. “ಪೂರ್ತಿ ನೀವೇ. ಎಲ್ಲ ನೆನಪಿಲ್ಲ. ಒಂದು ಮಾತು ನೆನಪಿದೆ. ಬಸ್ಸಲ್ಲಿ ಬರುವಾಗ ವಾಪಸ್ ಬಂತು. ‘ಅವಳು ಲೆಕ್ಕ ಮಾಡುವಾಗ ತುಟಿ ಅಲ್ಲಾಡಿಸುತ್ತಾಳೆ, ಶಬ್ದ ಬರುವುದಿಲ್ಲ. ಉತ್ತರ ಸಿಕ್ಕ ತಕ್ಷಣ ನಿಲ್ಲುತ್ತದೆ. ಅದನ್ನು ನೋಡುವುದಕ್ಕೆ ನಾನು ಸುಮ್ಮನೆ ಏನಾದರೂ ಲೆಕ್ಕ ಕೇಳುತ್ತಿರುತ್ತೇನೆ.’ ಹಾಗಂತ ಬರೆದಿದ್ದ.”

ಹೆಡ್ ಮೇಡಂ ಅವಳ ಮುಖವನ್ನೇ ನೋಡಿದರು. “ಇದೂ ನೀವು ಕಟ್ಟಿದ್ದಾ?”

“ಅಲ್ಲ.”

“ಹೇಗೆ ನಂಬಲಿ ಹೇಳಿ.”

ಲ್ಯಾಬ್ ಅಕ್ಕ ಸುಳ್ಳನ್ನು ಓದಿದ ಧಾಟಿಯಲ್ಲೇ ನಿಜವನ್ನೂ ಹೇಳಿದ್ದಳು. ಎರಡಕ್ಕೂ ಅವನ ದನಿಯೇ ಇತ್ತು.

“ಲೆಕ್ಕ ಕೇಳ್ತಿದ್ದದ್ದು ಹೌದು,” ಎಂದರು ಹೆಡ್ ಮೇಡಂ ನಿಧಾನವಾಗಿ. “ಮದುವೆಯಾದ ಮೊದಮೊದಲು. ಇಷ್ಟು ದೊಡ್ಡವರಿಗೆ ಇಷ್ಟು ಸಣ್ಣ ಲೆಕ್ಕ ಬರಲ್ವಲ್ಲ ಅಂದ್ಕೊಂಡಿದ್ದೆ. ಆಮೇಲೆ ಕೇಳೋದು ಬಿಟ್ರು. ತುಟಿ ವಿಷಯ ನನಗೆ ಗೊತ್ತಿಲ್ಲ. ಲೆಕ್ಕ ಮಾಡುವಾಗ ನನ್ನ ಮುಖ ನಾನು ಕಂಡವಳಲ್ಲ.”

ಬಸ್ಸಿಗೆ ಹೊತ್ತಾಯಿತೆಂದು ಲ್ಯಾಬ್ ಅಕ್ಕ ಎದ್ದಳು. ಊಟ ಮಾಡಿ ಹೋಗಿ ಎಂದು ಹೆಡ್ ಮೇಡಂ ಅನ್ನಲಿಲ್ಲ, ಗೇಟಿನವರೆಗೆ ಬಂದರು. “ಪುಸ್ತಕ ಆಗಲಿ,” ಎಂದರು. “ಅವರಿಗೆ ಜನರನ್ನ ನಗಿಸೋಕೆ ಬರ್ತಿತ್ತು ಅಂತ ಊರಿಗೆ ಗೊತ್ತಾಗಲಿ. ಮನೇಲಂತೂ ನಾವು ನಗಲಿಲ್ಲ.”

ಪ್ರಕಾಶಕ ಬಂದಾಗ ಲ್ಯಾಬ್ ಅಕ್ಕ ಪೆಟ್ಟಿಗೆಯನ್ನು ಹಾಗೇ ಎತ್ತಿಕೊಟ್ಟಳು. ಅವನು ತನ್ನ ಪ್ರತಿಗಳಲ್ಲಿದ್ದ ಒಂದು ಹಾಳೆಯನ್ನು ಮೆಲ್ಲಗೆ ಅವಳ ಕಡೆ ಸರಿಸಿದ. “ಮೇಡಂ, ಇದೊಂದು ಬಿಟ್ಟುಬಿಡೋಣ. ಓದಿದೋರು ನಿಮ್ಮನ್ನ ಏನಂದ್ಕೊಳ್ತಾರೋ.”

“ಅದು ಇರಲಿ. ಅದಿಲ್ಲದಿದ್ರೆ ಅವನಿಗೆ ಹೆಂಡತಿ ಮೇಲೆ ಮನಸ್ಸೇ ಇರಲಿಲ್ಲ ಅಂದ್ಕೊಳ್ತಾರೆ. ಅದು ಸುಳ್ಳಾಗುತ್ತೆ.”

“ನಿಮ್ಮ ಹೆಸರು ಕೆಡುತ್ತೆ.”

“ನನ್ನ ಹೆಸರು ಎಲ್ಲಿದೆ ಅದರಲ್ಲಿ? ಗೂಬೆ ಅಂತ ತಾನೇ ಇರೋದು.”

ಪುಸ್ತಕ ಚಳಿಗಾಲದಲ್ಲಿ ಬಂತು. ಜನ ನಕ್ಕರು, ಅತ್ತರು, ಆ ಒಂದು ಕಾಗದದ ಮೇಲೆ ಮೂಗು ಮುರಿದರು. ಬಿಡುಗಡೆ ಸಭೆಗೆ ಅವಳು ಹೋಗಲಿಲ್ಲ. ತಂಗಿಯ ಮಗಳು ಓದಿ ಮುಗಿಸಿ ಬಂದು, ಈ ಸಲ ಚಪ್ಪಲಿ ಬಿಟ್ಟು, ಪಕ್ಕದಲ್ಲಿ ಕೂತು, ದನಿ ತಗ್ಗಿಸಿ ಕೇಳಿದಳು, “ದೊಡ್ಡಮ್ಮ, ಅವರಿಗೂ ನಿನ್ನ ಮೇಲೆ ಹಾಗೇ ಇತ್ತಾ?”

“ಗೊತ್ತಿಲ್ಲ ಕಣೆ. ನಾನು ಕೇಳಲಿಲ್ಲ. ಈಗ ಕೇಳೋಣ ಅಂದ್ರೆ ಅವನಿಲ್ಲ.”

ಹುಡುಗಿ ಅವಳ ಕೈ ಹಿಡಿದುಕೊಂಡು ಕೂತಳು. ಕತ್ತಲಾಗುವ ಮೊದಲು ಬಸ್ಸು ಹಿಡಿಯಬೇಕಿತ್ತು, ಎದ್ದು ಹೋದಳು.

ಕೆಲವು ದಿನ ಬಿಟ್ಟು ಒಂದು ಮಧ್ಯಾಹ್ನ ಫೋನು ಬಂತು. ನಮಸ್ಕಾರ ಇಲ್ಲ, ಹೇಗಿದ್ದೀರಿ ಇಲ್ಲ.

“ಪಕ್ಕದ ಮನೆಯವಳನ್ನ ಎದುರಿಗೆ ಕೂರಿಸ್ಕೊಂಡು ಲೆಕ್ಕ ಮಾಡಿದೆ,” ಎಂದರು ಹೆಡ್ ಮೇಡಂ. “ಯಾಕೆ ಅಂತ ಹೇಳಲಿಲ್ಲ. ನನ್ನ ಮುಖ ನೋಡ್ತಾ ಇರು, ಏನು ಕಾಣುತ್ತೋ ಹೇಳು ಅಂದೆ. ತುಟಿ ಅಲ್ಲಾಡುತ್ತಂತೆ.”

“ಹೌದಾ?”

“ಉತ್ತರ ಬಂದ ತಕ್ಷಣ ನಿಲ್ಲುತ್ತಂತೆ.” ಅಷ್ಟಕ್ಕೇ ಮಾತು ಬದಲಿಸಿದರು. “ಪುಸ್ತಕ ಓದಿದೆ. ಅವರದ್ದಕ್ಕಿಂತ ನಿಮ್ಮ ಕಾಗದಗಳೇ ಚೆನ್ನಾಗಿವೆ. ಇಡ್ತೀನಿ.”

ಫೋನ್ ಇಟ್ಟುಬಿಟ್ಟರು. ಲ್ಯಾಬ್ ಅಕ್ಕ ಅದನ್ನು ಕೈಯಲ್ಲೇ ಹಿಡಿದು ನಿಂತಳು. ಪಕ್ಕದ ಮನೆಯವಳು ಕಣ್ಣು ಪಿಳಿಪಿಳಿ ಬಿಟ್ಟು ಹೆಡ್ ಮೇಡಂ ತುಟಿ ಕಾಯುತ್ತಾ ಕೂತ ಚಿತ್ರ ಕಣ್ಣಿಗೆ ಬಂದು ನಗು ಉಕ್ಕಿತು. ನಕ್ಕಳು, ಕೋಣೆಯಲ್ಲಿ ಅದೊಂದೇ ಸದ್ದು. ಗುಮಾಸ್ತ ಇದ್ದಿದ್ದರೆ ಇದರ ಮೇಲೆ ನಾಲ್ಕು ಪುಟ ಬರೆಯುತ್ತಿದ್ದ, ಪಕ್ಕದ ಮನೆಯವಳಿಗೆ ಒಂದು ಗಂಡನನ್ನೂ ಸಾಕುನಾಯಿಯನ್ನೂ ಕೊಟ್ಟು.

ಕೆಳಗೆ ಇಸ್ತ್ರಿ ಅಂಗಡಿಯವನು ಬಾಗಿಲು ಎಳೆದುಕೊಂಡು ಊಟಕ್ಕೆ ಹೋದ. ರಾತ್ರಿಗೆ ಬ್ರೆಡ್ ಉಳಿದಿದೆಯೋ ಇಲ್ಲವೋ ನೋಡೋಣವೆಂದು ಅವಳು ಅಡುಗೆಮನೆಗೆ ಹೋದಳು.